ತಂಗಿಗೆ ಗಾಡಿ ನೋಡಿದ್ದು

ತುದಿ ಮುರಿದು ನೋಡದೆ ನಾನು ಬೆಂಡೆಕಾಯಿ ಕೊಂಡವನಲ್ಲ. ನಮ್ಮ ಮನೆಗೆ ಬಂದ ಸೈಕಲ್ಲು, ಫ್ಯಾನು, ಟೀವಿ ಎಲ್ಲವೂ ನನ್ನ ಪರೀಕ್ಷೆಯಲ್ಲಿ ಪಾಸಾಗಿಯೇ ಹೊಸ್ತಿಲು ದಾಟಿದವು. ಇಂಡಿ ಊರಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನಾಗಿದ್ದೆ. ಲೆಕ್ಕಕ್ಕೆ ಸಿಗದ ವಸ್ತು ಜಗತ್ತಿನಲ್ಲಿಲ್ಲ ಎಂಬ ಜಂಬ ಆಗ ಮೈತುಂಬ ಇತ್ತು. ಹಾಗಾಗಿ ತಂಗಿಯ ಮದುವೆಗೆ ಗಾಡಿ ಕೊಡಬೇಕೆಂದು ಗೊತ್ತಾದಾಗ ಅಪ್ಪ ಬೇರೆ ಯಾರನ್ನೂ ಕೇಳಲಿಲ್ಲ.

"ಗಾಡಿ ನೋಡೂದು ನಿನ್ನ ಕೆಲಸ. ಆಮ್ಯಾಲ ಬೀಗರ ಮುಂದ ನಾ ತಲಿ ತಗ್ಗಸಬಾರ್ದು, ಅಷ್ಟ ನೋಡು" ಎಂದ.

ಎರಡು ಸಾವಿರದ ಮೊದಮೊದಲ ವರ್ಷಗಳವು. ವರನದು ಬಸವನ ಬಾಗೇವಾಡಿಯ ಮನೆತನ. ಹುಡುಗ ರಸ್ತೆ ಗುತ್ತಿಗೆ ಮಾಡುತ್ತಿದ್ದ, ಹೊಲ ಇತ್ತು, ಮಾಳಿಗೆ ಮನೆ ಇತ್ತು. ಸಂಬಂಧ ತಂದವನು ಅಪ್ಪನ ಹಳೆಯ ಗೆಳೆಯ, ನಮ್ಮ ಲಿಂಬಿಯನ್ನು ವರ್ಷಗಟ್ಟಲೆ ಪೇಟೆಗೆ ಸಾಗಿಸಿದವನು. ಅವನ ಮಾತಿನ ಮೇಲೆ ಅಪ್ಪನಿಗೆ ಎಷ್ಟು ನಂಬಿಕೆಯೆಂದರೆ ಹುಡುಗನ ಬಗ್ಗೆ ಮತ್ತೆ ಕೇಳುವುದೇ ಗೆಳೆತನಕ್ಕೆ ಕುಂದು ಎಂದುಕೊಂಡ. ಮಾತು ಮುಗಿಸುವ ದಿನ ಹುಡುಗನ ತಂದೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಹೇಳಿದರು.

"ನಮಗೇನೂ ಬ್ಯಾಡ್ರಿ. ನಿಮ್ಮ ಮಗಳು ಅಡ್ಡಾಡಾಕ ಒಂದು ಗಾಡಿ ಇರ್ಲಿ. ಭಾಳ ದೊಡ್ಡದೇನ್ ಬ್ಯಾಡ, ಸಣ್ಣ ಜೀಪಿನಂಥಾದ್ದು ಸಾಕು."

ವರದಕ್ಷಿಣೆ ಎಂಬ ಪದ ಯಾರ ಬಾಯಿಂದಲೂ ಬರಲಿಲ್ಲ. ಅದೇ ವರ್ಷ ನಮ್ಮ ಶಾಲೆಯಲ್ಲಿ ಆ ಪಿಡುಗಿನ ಮೇಲೆ ನಡೆದ ಭಾಷಣ ಸ್ಪರ್ಧೆಗೆ ನಾನೇ ತೀರ್ಪುಗಾರನಾಗಿದ್ದೆ. ನಾಚಿಕೆಯೇನೂ ಆಗಲಿಲ್ಲ. ಬೀಗರು ಎಷ್ಟು ದೊಡ್ಡ ಮನಸ್ಸಿನವರು ಎಂದು ಹೊರ್ತಿಯ ನಮ್ಮ ಸೋದರಮಾವನ ಮುಂದೆ ಹೊಗಳಿ ಬಂದೆ.

ಆಗ ನಮ್ಮ ಕಡೆ ಓಡುತ್ತಿದ್ದ ಅಂಥ ಗಾಡಿಗಳು ಮುಖ್ಯವಾಗಿ ಎರಡು. ಕಂಪನಿಗಳ ಹೆಸರು ಹೇಳುವುದಿಲ್ಲ, ಗಾಡಿಗಳದ್ದೇನೂ ತಪ್ಪಿಲ್ಲ. ಒಂದು ಹಳೆಯ ಕಾಲದ್ದು, ಪೆಟ್ಟಿಗೆಯಂತೆ ಚೌಕಾಗಿತ್ತು, ಎರಿ ಹೊಲದ ರಾಡಿಯಲ್ಲೂ ಹೂತುಕೊಳ್ಳುತ್ತಿರಲಿಲ್ಲ. ಕೆಟ್ಟರೆ ಯಾವ ತಾಲೂಕಿನಲ್ಲಾದರೂ ಬಿಡಿಭಾಗ ಸಿಗುತ್ತಿತ್ತು. ಆದರೆ ಸ್ಟೇರಿಂಗ್ ತಿರುಗಿಸಲು ತೋಳಿನಲ್ಲಿ ಕಸುವು ಬೇಕು. ಇನ್ನೊಂದು ಹೊಸದು. ಹೊರಗಿನಿಂದ ಜೀಪಿನ ಎತ್ತರ, ಒಳಗೆ ಕಾರಿನ ಮೆತ್ತೆ. ಎಸಿ ಇತ್ತು, ಸ್ಟೇರಿಂಗ್ ಒಂದೇ ಬೆರಳಿಗೆ ತಿರುಗುತ್ತಿತ್ತು. ಆದರೆ ಕೆಟ್ಟರೆ ಬಿಜಾಪುರದ ಶೋರೂಮಿಗೇ ಎಳೆದುಕೊಂಡು ಹೋಗಬೇಕು. ಶೋರೂಮಿನವರ ಮಾತನ್ನು ನಂಬುವ ಆಸಾಮಿ ನಾನಲ್ಲ. ಎರಡೂ ಗಾಡಿಗಳನ್ನು ಓಡಿಸಿದವರನ್ನೇ ಕೇಳುವುದೆಂದು ಒಂದು ನೂರು ಪುಟದ ನೋಟ್‌ಬುಕ್ ಹಿಡಿದು, ರವಿವಾರಕ್ಕೊಂದು ಊರಿನಂತೆ ಬಸ್ಸು ಹತ್ತಿದೆ.

ಕನ್ನೊಳ್ಳಿಯ ಒಬ್ಬ ರೈತ ತನ್ನ ಪೆಟ್ಟಿಗೆ ಗಾಡಿಯಲ್ಲಿ ನನ್ನನ್ನು ಕೂಡಿಸಿಕೊಂಡು ತೊಗರಿ ಹೊಲದ ಬದುವಿನ ಮೇಲೆ ಓಡಿಸಿದ. ಇಳಿದಾಗ ಸೊಂಟ ನನ್ನದೋ ಅವನದೋ ತಿಳಿಯದ ಹಾಗಾಗಿತ್ತು. ಸಿಂದಗಿಯ ಡಾಕ್ಟರೊಬ್ಬರು ರೋಗಿಗಳನ್ನು ಹೊರಗೆ ಕೂಡಿಸಿ, ತಮ್ಮ ಹೊಸ ಗಾಡಿಯ ಎಸಿ ಹಾಕಿದರೆ ಡೀಸೆಲ್ ಎಷ್ಟು ಕುಡಿಯುತ್ತದೆಂದು ಅರ್ಧ ಗಂಟೆ ವಿವರಿಸಿದರು. ಸೀರೆ ಉಟ್ಟವರು ಹತ್ತಲು ಕೆಳಗೊಂದು ಪಾವಟಿಗೆ ಹಾಕಿಸಬೇಕೆಂದು ಅವರ ಮನೆಯವರು ಒಳಗಿನಿಂದಲೇ ಕೂಗಿ ಹೇಳಿದರು. ಎಲ್ಲವನ್ನೂ ಬರೆದುಕೊಂಡೆ.

ಮುದ್ದೇಬಿಹಾಳದಲ್ಲಿ ಸಿಕ್ಕವನು ಒಬ್ಬ ಡ್ರೈವರ್. ಎರಡೂ ಗಾಡಿಗಳನ್ನು ನಡೆಸಿದವನು ಅವನೊಬ್ಬನೇ ಎಂದು ಯಾರೋ ಹೇಳಿದ್ದರು. ನಲವತ್ತರ ಆಸುಪಾಸಿನವನು, ಒಳ್ಳೆಯ ಸಮಾಧಾನಿ. ನಾನು ಮಾತು ತೆಗೆದಾಗ ಬಲಗಿವಿಯನ್ನು ನನ್ನ ಕಡೆ ತಿರುಗಿಸಿ ಕೂತ.

"ಈ ಕಡೆ ಬಂದು ಹೇಳ್ರಿ ಮಾಸ್ತರ. ಆ ಕಿವಿ ಕೇಳಂಗಿಲ್ಲ."

"ಇಂಜಿನ್ ಸಪ್ಪಳಕ್ಕ ಹಿಂಗಾತೇನು? ಯಾವ ಗಾಡೀದು ಸಪ್ಪಳ ಜಾಸ್ತಿ?" ಎಂದು ಕೇಳಿದೆ.

"ಇಂಜಿನ್ ಪಾಪ ಏನ್ ಮಾಡೀತ್ರಿ" ಎಂದು ನಕ್ಕ. ಆಮೇಲೆ ಗಾಡಿ ಯಾರ ಮನೆಗೆ ಎಂದು ವಿಚಾರಿಸಿದ. ಬಾಗೇವಾಡಿಯ ಬೀಗರ ಮನೆತನದ ಹೆಸರು ಹೇಳಿದೆ.

"ನಾನೂ ಎಂಟು ತಿಂಗಳು ಅವರ ಕಡೆ ಇದ್ನಿರಿ. ಅವರ ಮನ್ಯಾಗ ಡ್ರೈವರ್ ನಿಲ್ಲೂದಿಲ್ರಿ, ಮಾಸ್ತರ."

ಹಾಗೆ ಹೇಳಿ ನನ್ನ ಮುಖವನ್ನೇ ನೋಡಿದ. ನಾನು ಮತ್ತೇನಾದರೂ ಕೇಳುತ್ತೇನೆಂದು ಕಾದಿದ್ದನೆಂದು ಈಗ ಅನ್ನಿಸುತ್ತದೆ. ನಾನು ಕೇಳಿದ್ದು ಒಂದೇ ಪ್ರಶ್ನೆ.

"ಹಂಗಾದ್ರ ಹುಡುಗ ತಾನಽ ನಡಸ್ತಾನೇನು?"

"ಹೌದ್ರಿ. ತಾವಽ ನಡಸ್ತಾರ."

"ಹಂಗಿದ್ರ ಹಗುರ ಸ್ಟೇರಿಂಗಿಂದು ಚಲೋ ಅಲ್ಲ?"

"ಚಲೋ ಆಗ್ತೈತ್ರಿ" ಎಂದು ಅವನು ಎದ್ದ. ಹೊಸ ಗಾಡಿಯ ಕಡೆಗೆ ಒಂದು ಅಂಕ ಹೆಚ್ಚು ಬರೆದುಕೊಂಡು ನಾನೂ ಎದ್ದೆ.

ಕಡೆಯ ರವಿವಾರ ಬಾಗೇವಾಡಿಗೇ ಹೋದೆ. ಬೀಗರ ಮನೆಯಿಂದ ಎರಡು ಓಣಿ ಆಚೆಗಿನ ಗ್ಯಾರೇಜಿನಲ್ಲಿ ಕೂತು, ಕ್ಲಚ್ ಪ್ಲೇಟು ಯಾವುದರದು ಬೇಗ ಸವೆಯುತ್ತದೆಂದು ಮಿಸ್ತ್ರಿಯನ್ನು ಕೊರೆದೆ. ಎರಡು ಸಲ ಚಹಾ ಕುಡಿದೆ. ಆ ಓಣಿಯಲ್ಲಿ ಹುಡುಗನನ್ನು ಅರಿಯದವರು ಯಾರೂ ಇರಲಿಲ್ಲ. ಕೇಳಿದ್ದರೆ ಯಾರಾದರೂ ಒಬ್ಬರು ಬಾಯಿ ಬಿಡುತ್ತಿದ್ದರು. ಮಾತು ಮುಗಿದ ಮೇಲೆ ವರನ ಬಗ್ಗೆ ವಿಚಾರಿಸಿದರೆ ಬೀಗರಿಗೆ ಸುದ್ದಿ ಮುಟ್ಟುತ್ತದೆ, ಅದು ಅವಮಾನ ಎಂದು ನಾನು ಆ ಕಡೆ ತಲೆಯೇ ಹಾಕಲಿಲ್ಲ. ಗಾಡಿಯ ಬಗ್ಗೆ ಎಷ್ಟು ಕೇಳಿದರೂ ಯಾರಿಗೂ ಅವಮಾನವಿರಲಿಲ್ಲ.

ಅಂದು ಸಂಜೆ ಮನೆಗೆ ಬಂದಾಗ ತಂಗಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಬಿ.ಎಡ್. ಮುಗಿಸಿ ಒಂದು ಖಾಸಗಿ ಶಾಲೆಯಲ್ಲಿ ಕಲಿಸುತ್ತಿದ್ದಳು. ಗಾಡಿಯ ಬಗ್ಗೆ ಅವಳನ್ನು ನಾವು ಕೇಳಿದ್ದು ಬಣ್ಣ ಒಂದನ್ನೇ.

"ಬಾಗೇವಾಡಿಗೂ ಹೋಗಿದ್ದೆಂತ, ಅಣ್ಣಾ. ಏನಂದ್ರು ಅಲ್ಲಿ?"

ನಾನು ಉತ್ಸಾಹದಿಂದ ನೋಟ್‌ಬುಕ್ ತೆಗೆದು ಕ್ಲಚ್ ಪ್ಲೇಟಿನಿಂದಲೇ ಓದಲು ಶುರುಮಾಡಿದೆ. ಅವಳು ನಕ್ಕಳು. ಮುದ್ದೇಬಿಹಾಳದ ಪುಟಕ್ಕೆ ಬಂದು, ಅವರ ಮನೆಯಲ್ಲಿ ಡ್ರೈವರ್ ನಿಲ್ಲುವುದಿಲ್ಲ, ಹುಡುಗನೇ ನಡೆಸುತ್ತಾನೆ, ಆದ್ದರಿಂದ ಹೊಸ ಗಾಡಿಯೇ ಮೇಲು ಎಂದು ಓದಿದಾಗ ಮೊರದ ಮೇಲೆ ಅವಳ ಕೈ ನಿಂತಿತು.

"ಯಾಕ ನಿಲ್ಲೂದಿಲ್ಲಂತ?"

"ಡ್ರೈವರ್ ಮಂದಿ ಎಲ್ಲಿ ನಿಲ್ತಾರವಾ. ನಾಕು ರೂಪಾಯಿ ಹೆಚ್ಚಿಗಿ ಸಿಕ್ರ ಹೊಂಟಽ ಬಿಡ್ತಾರ."

"ಅಪ್ಪಗ ಹೇಳಿದೇನು ಇದನ್ನ?"

"ಎಲ್ಲಾ ಓದಿ ಹೇಳೇನಿ" ಎಂದೆ. ಅವಳು ಮತ್ತೆ ಜೋಳದ ಕಡೆ ತಿರುಗಿದಳು.

ಹೊಸ ಗಾಡಿಯನ್ನೇ ಕೊಂಡೆವು. ಬಿಳಿಯದು. ಮದುವೆಯ ದಿನ ಅದರಲ್ಲಿ ಕೂತು ಹೋದ ತಂಗಿ ಆರು ತಿಂಗಳ ಮೇಲೆ ಸರಕಾರಿ ಬಸ್ಸಿನಲ್ಲಿ ಬಂದಳು, ಒಬ್ಬಳೇ. ಬಲಗೈ ಮುಂಗೈ ಬಾತು ಬಳೆಗಳು ಚರ್ಮದಲ್ಲಿ ಹೂತುಕೊಂಡಿದ್ದವು. ಅವ್ವ ಅವನ್ನು ಸೋಪು ಹಚ್ಚಿ ತೆಗೆಯುತ್ತ ಅಳುತ್ತಿದ್ದಳು, ತಂಗಿ ಅಳಲಿಲ್ಲ. ಹಸಿವಾದರೂ ಹೊಡೆಯುತ್ತಾನೆ, ಊಟ ಬಿಸಿಯಿದ್ದರೂ ಹೊಡೆಯುತ್ತಾನೆ ಎಂದು ಸಾದಾ ದನಿಯಲ್ಲಿ ಹೇಳಿದಳು. ಮುದ್ದೇಬಿಹಾಳದ ಡ್ರೈವರನ ಕೇಳದ ಕಿವಿಯ ಮೇಲೆ ಯಾರ ಕೈ ಬಿದ್ದಿತ್ತೆಂಬುದು ನನಗೆ ಹೊಳೆದದ್ದು ಆಗ. ಯಾರಿಗೂ ಹೇಳಲಿಲ್ಲ. ಹೇಳಲು ಧೈರ್ಯ ಸಾಲಲಿಲ್ಲ.

ಹೊಸದರಲ್ಲಿ ಹೀಗೆಲ್ಲ ಇರುತ್ತದೆ, ಮಗು ಆದರೆ ಸರಿಹೋಗುತ್ತದೆ ಎಂದು ಹಿರಿಯರು ಅಂದರು. ಕೈ ವಾಸಿಯಾದ ಮೇಲೆ ಅವಳನ್ನು ಬಾಗೇವಾಡಿಗೆ ಬಿಟ್ಟುಬಂದವನೂ ನಾನೇ. ಅಂಗಳದಲ್ಲಿ ಗಾಡಿ ನಿಂತಿತ್ತು. ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ: ಹುಡುಗನ ಮುಖ ನೋಡುವ ಮೊದಲು ನಾನು ಟಾಯರ್ ನೋಡಿದೆ. ಎಡಗಡೆಯ ಮುಂದಿನದು ಒಂದೇ ಅಂಚಿನಲ್ಲಿ ಸವೆದಿತ್ತು. ಅಲೈನ್‌ಮೆಂಟ್ ಮಾಡಿಸಿ ಎಂದು ಅವನಿಗೆ ಹೇಳಿ, ಚಹಾ ಕುಡಿದು ಬಂದೆ.

ಎರಡನೆಯ ಸಲ ಬಂದಾಗ ಅವಳು ಹೋಗಲಿಲ್ಲ. ಎರಡೂ ಕಡೆಯ ಹಿರಿಯರು ನಮ್ಮ ಪಡಸಾಲೆಯಲ್ಲಿ ಕೂಡಿದರು. "ಏನ್ ಕಮ್ಮಿ ಮಾಡೀವ್ರಿ ನಿಮ್ಮ ಮಗಳಿಗೆ?" ಎಂದು ಬೀಗರು ಕೇಳಿದರು. ಅಪ್ಪ ತಲೆ ತಗ್ಗಿಸಿ ಕೂತ. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ತಂಗಿಯೇ ಅಡುಗೆಮನೆಯ ಬಾಗಿಲಿಗೆ ಬಂದು, "ನಾ ಹೋಗೂದಿಲ್ಲ. ಇನ್ನ ಕೇಳಬ್ಯಾಡ್ರಿ" ಎಂದು ಹೇಳಿ ಒಳಗೆ ಹೋದಳು. ಸಭೆ ಅಲ್ಲಿಗೇ ಮುಗಿಯಿತು. ಮರುವರ್ಷ ಸಿಂದಗಿಯ ಒಂದು ಶಾಲೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಅಲ್ಲೇ ಒಂದು ಖೋಲಿ ಹಿಡಿದಳು.

ಹಲವು ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ ಆ ಖೋಲಿಯಲ್ಲಿ ಊಟಕ್ಕೆ ಕೂತಾಗ, ಇನ್ನು ತಡೆದರೆ ಸಾಯುವಾಗಲೂ ಹೇಳಲಾರೆನೆನಿಸಿ, ಒಪ್ಪಿಸಿಬಿಟ್ಟೆ. ಮುದ್ದೇಬಿಹಾಳದವನು ಮೊದಲೇ ಸೂಚನೆ ಕೊಟ್ಟಿದ್ದ, ನನಗೆ ಅದು ತಿಳಿಯಲಿಲ್ಲ, ನನ್ನ ತಪ್ಪು ಎಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನನಗ ಗೊತ್ತಿತ್ತಲ್ಲೋ ಅಣ್ಣಾ. ನೀ ಓದಿದ ಕೂಡ್ಲೇ ತಿಳೀತು. ಯಾವ ಮನ್ಯಾಗ ಆಳು ನಿಲ್ಲೂದಿಲ್ಲ ಅಂದ್ರ ಯಾಕಂತ ಯಾರಿಗೆ ತಿಳೂದಿಲ್ಲ?"

"ಮತ್ತ ಬ್ಯಾಡ ಅನ್ನಬೇಕಾಗಿತ್ತಲ್ಲ ನೀನು!"

"ಅಪ್ಪಗೂ ಹೇಳೇನಿ ಅಂದಿದ್ಯಲ್ಲ ನೀನು. ನೀವೆಲ್ಲಾ ತಿಳದಽ ನನ್ನ ಕೊಡಾಕತ್ತೀರಿ ಅನ್ಕೊಂಡೆ. ಇನ್ನ ಯಾರಿಗೆ ಹೇಳಲಿ?"

ಇಲ್ಲ, ದೇವರಾಣೆ ನಮಗೆ ತಿಳಿದಿರಲಿಲ್ಲ, ನಾನು ಸ್ಟೇರಿಂಗಿನ ಬಗ್ಗೆಯಷ್ಟೇ ಯೋಚಿಸುತ್ತಿದ್ದೆ ಎಂದು ಅವತ್ತು ಅವಳಿಗೆ ಹತ್ತು ರೀತಿಯಲ್ಲಿ ಹೇಳಿದೆ. "ಆತು ಬಿಡು, ಉಣ್ಣು" ಎಂದು ಬಿಸಿ ರೊಟ್ಟಿ ಹಾಕಿದಳು. ಆಮೇಲೂ ಮೂರು ನಾಲ್ಕು ಸಲ ಹೇಳಿದ್ದೇನೆ. ಪ್ರತಿ ಸಲವೂ ಅವಳು ಆತು ಬಿಡು ಎನ್ನುತ್ತಾಳೆ. ಊರಿಗೆಲ್ಲ ಲೆಕ್ಕ ಕಲಿಸಿದ ಅಣ್ಣ ಅಷ್ಟು ದಡ್ಡನಾಗಿದ್ದ ಎಂದು ಅವಳು ಇವತ್ತಿಗೂ ನಂಬಿಲ್ಲ.