ಹಾರದೆ ಬರೆದ ಮೂರು ಗಂಟೆ

ಐವತ್ತರ ದಶಕದಲ್ಲಿ ನಾನು ವಿಮಾನ ಹಾರಿಸಲು ಕಲಿತದ್ದು ಜುಹೂವಿನ ಫ್ಲೈಯಿಂಗ್ ಕ್ಲಬ್ಬಿನಲ್ಲಿ. ಬೆಳಗಿನ ಹೊತ್ತು ಹಾರಾಟ, ಹತ್ತರ ನಂತರ ಸಾಂತಾಕ್ರೂಜಿನಲ್ಲಿ ಸೋದರಮಾವನ ಹೋಟೆಲಿನ ಗಲ್ಲಾ. ಉಡುಪಿಯಿಂದ ನನ್ನನ್ನು ಕರೆತಂದು ಸಾಕಿದ ಮಾವನಿಗೆ ಈ ಹುಚ್ಚು ಅರ್ಥವಾಗುತ್ತಿರಲಿಲ್ಲ. "ಮೇಲೆ ಎಂತ ಉಂಟು ಮಾರಾಯ? ಇಡ್ಲಿ ಬೇಯುವುದು ಕೆಳಗೇ ಅಲ್ವಾ?" ಎನ್ನುತ್ತಿದ್ದರು. ಹಾಗೆನ್ನುತ್ತಲೇ ಹಾರಾಟದ ಖರ್ಚನ್ನೂ ಕೊಡುತ್ತಿದ್ದರು. ಆ ಕಾಲದಲ್ಲಿ ಅಂಥ ಮಾವಂದಿರು ಎಷ್ಟು ಜನರಿಗಿದ್ದರು?

ನನಗೆ ಬೇಕಾಗಿದ್ದದ್ದು ಸರಕು ವಿಮಾನದ ಪೈಲಟ್ ಕೆಲಸ. ಅಸ್ಸಾಮಿನ ಗುಡ್ಡಗಳಿಗೆ ಅಕ್ಕಿ, ಉಪ್ಪು, ಸೀಮೆಎಣ್ಣೆ ಹೊತ್ತು ಹೋಗುವ ಹಳೆಯ ಡಕೋಟಾ ವಿಮಾನಗಳು. ಇನ್ನೂರೈವತ್ತು ಗಂಟೆಗಳ ಹಾರಾಟ ಇಲ್ಲದವನ ಅರ್ಜಿಯನ್ನು ಅವರು ಮುಟ್ಟುತ್ತಿರಲಿಲ್ಲ. ಹಾರಿದ ಪ್ರತಿ ಗಂಟೆಯನ್ನೂ ನಾವೇ ನಮ್ಮ ಲಾಗ್ ಬುಕ್ಕಿನಲ್ಲಿ ಬರೆದು, ತಿಂಗಳ ಕೊನೆಗೆ ಕಲಿಸುವವರ ಸಹಿ ಹಾಕಿಸಿಕೊಳ್ಳಬೇಕಿತ್ತು. ಅವರು ಓದಿ ಸಹಿ ಹಾಕಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ.

ಕ್ಲಬ್ಬಿನಲ್ಲಿ ಕನ್ನಡ ಮಾತಾಡುವವನು ನನ್ನನ್ನು ಬಿಟ್ಟರೆ ಇನ್ನೊಬ್ಬನೇ ಇದ್ದ. ಧಾರವಾಡದ ಕಡೆಯವನು, ಬಾಂದ್ರಾದ ಒಂದು ಆಫೀಸಿನಲ್ಲಿ ಗುಮಾಸ್ತ, ನನಗಿಂತ ನಾಲ್ಕು ವರ್ಷ ದೊಡ್ಡವನು. ನನ್ನನ್ನು ತಮ್ಮಾ ಎಂದೇ ಕರೆಯುತ್ತಿದ್ದ. ಆಫೀಸಿಗೆ ಹೋಗುವ ಮೊದಲು ದಿನವೂ ತಪ್ಪದೆ ಬರುತ್ತಿದ್ದ. ನಾನು ಮಲಗಿ ಕಳೆದ ಬೆಳಗುಗಳಲ್ಲೆಲ್ಲ ಅವನು ಹಾರಿದ್ದ. ಹೀಗಾಗಿ ಆ ವರ್ಷ ಮೇ ತಿಂಗಳಲ್ಲೇ ಅವನ ಗಂಟೆಗಳು ಪೂರ್ತಿಯಾದವು. ಮನೆಯವರು ಅವನಿಗೆ ಕೊಟ್ಟ ಗಡುವೂ ಅದೇ ವರ್ಷದ್ದು. ಕೆಲಸ ಸಿಕ್ಕರೆ ಸರಿ, ಇಲ್ಲವಾದರೆ ಹಾರಾಟ ಬಿಟ್ಟು ಮದುವೆಯಾಗಿ ಸಂಸಾರ ನೋಡಿಕೊಳ್ಳಬೇಕು ಎಂದು ಮಾತಾಗಿತ್ತು.

ಕ್ಲಬ್ಬಿನಲ್ಲಿ ಒಂದು ರೂಢಿಯಿತ್ತು. ಗಂಟೆ ಕಡಿಮೆ ಬಿದ್ದವರು ಹಾರದೆಯೇ ಒಂದೆರಡು ಸಾಲು ಬರೆದುಕೊಳ್ಳುತ್ತಿದ್ದರು. ಅದಕ್ಕೆ ಪೆನ್ನಿನ ಗಂಟೆ ಎಂದು ಹೆಸರು. ಹಿರಿಯರು ನಕ್ಕು ಸುಮ್ಮನಾಗುತ್ತಿದ್ದರು. ಧಾರವಾಡದವನು ಮಾತ್ರ ನಗುತ್ತಿರಲಿಲ್ಲ. ಅವನ ಪುಸ್ತಕದಲ್ಲಿ ಅಂಥ ಒಂದು ನಿಮಿಷವೂ ಇರಲಿಲ್ಲ.

ಮಳೆಗಾಲದ ನಡುವೆ ಒಂದು ಸರಕು ಕಂಪನಿ ಇಬ್ಬರು ಪೈಲಟ್‌ಗಳು ಬೇಕೆಂದು ಪ್ರಕಟಿಸಿತು. ಇಬ್ಬರೂ ಅರ್ಜಿ ಹಾಕಿದೆವು. ಪುಸ್ತಕ ತೋರಿಸುವ ದಿನದೊಳಗೆ ನನಗೆ ಇನ್ನೂ ಮೂರು ಗಂಟೆ ಬೇಕಿತ್ತು, ಆಕಾಶವೋ ಬಿಡುವು ಕೊಡುತ್ತಿರಲಿಲ್ಲ. ಒಂದು ಮಂಗಳವಾರ ಸಾಂತಾಕ್ರೂಜಿನಲ್ಲಿ ಚೆನ್ನಾಗಿ ಬಿಸಿಲು ಬಿತ್ತು. ಗಲ್ಲಾದಲ್ಲಿ ಕೂತು ಆ ಬಿಸಿಲನ್ನು ನೋಡಿಯೇ ಆ ದಿನದ ತಾರೀಖಿನ ಮುಂದೆ ಮೂರು ಗಂಟೆ ಬರೆದೆ. ಜುಹೂವರೆಗೆ ಹೋಗಿ ಮೈದಾನ ನೋಡುವಷ್ಟೂ ವ್ಯವಧಾನ ನನಗಿರಲಿಲ್ಲ.

ಸಂದರ್ಶನ ಚರ್ಚ್‌ಗೇಟಿನ ಬಳಿಯ ಕೋಟೆ ಪ್ರದೇಶದ ಒಂದು ಹಳೆಯ ಬಿಲ್ಡಿಂಗಿನಲ್ಲಿ ನಡೆಯಿತು. ಮೊದಲು ನನ್ನನ್ನು ಕರೆದರು. ನರೆತ ಮೀಸೆಯ ಕ್ಯಾಪ್ಟನ್ ಕೊನೆಯ ಪುಟದಿಂದ ಓದತೊಡಗಿ ಆ ಮಂಗಳವಾರದ ಮೇಲೆ ಬೆರಳಿಟ್ಟರು. ಅಂದು ತಾವೇ ಜುಹೂಗೆ ಹೋಗಿದ್ದುದಾಗಿಯೂ, ಹಿಂದಿನ ದಿನದ ಮಳೆಗೆ ರನ್‌ವೇ ಮೇಲೆ ಮೊಣಕಾಲುದ್ದ ನೀರು ನಿಂತಿದ್ದುದಾಗಿಯೂ ದನಿ ಏರಿಸದೆ ಹೇಳಿದರು. ಕೆಂಪು ಶಾಯಿಯ ಪೆನ್ನು ಕೊಟ್ಟು ಆ ಸಾಲನ್ನು ನನ್ನ ಕೈಯಿಂದಲೇ ಹೊಡೆದು ಹಾಕಿಸಿದರು. ಸರ್ಕಾರಕ್ಕೆ ದೂರು ಬರೆಯುವುದಿಲ್ಲ, ಆದರೆ ನಿಮ್ಮ ಕ್ಲಬ್ಬಿನ ಯಾವ ಪುಸ್ತಕವನ್ನೂ ಈ ವರ್ಷ ನಂಬುವುದಿಲ್ಲ, ತೆರೆಯುವುದೂ ಇಲ್ಲ ಎಂದರು. ಹೊರಗೆ ಕೂತಿರುವವನು ಹಾಗಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲೇ ಅವರು ಮುಂದಿನವನಿಗಾಗಿ ಕರೆಗಂಟೆ ಒತ್ತಿದ್ದರು.

ಬಾಗಿಲಲ್ಲಿ ಅವನು ನನ್ನ ಮುಖ ನೋಡಿ ಹೆದರಬೇಡ ಎಂಬಂತೆ ಕೈ ಮಾಡಿ ಒಳಗೆ ಹೋದ. ಐದು ನಿಮಿಷಕ್ಕೆ ಹೊರಬಂದ.

ಚರ್ಚ್‌ಗೇಟಿನಿಂದ ಲೋಕಲ್ ರೈಲು ಹಿಡಿದೆವು. ಕ್ಯಾಪ್ಟನ್ ಅವನ ಪುಸ್ತಕ ಮುಟ್ಟಲಿಲ್ಲವಂತೆ. ಒಂದೇ ಪ್ರಶ್ನೆ ಕೇಳಿದರಂತೆ, ಮೋಡದೊಳಗೆ ಹಾರುವಾಗ ಭಯವಾಗುತ್ತದೆಯೇ ಎಂದು. ಆಗುತ್ತದೆ ಎಂದನಂತೆ. ಸರಿ, ಹೋಗಿ ಎಂದರಂತೆ. ಪುಸ್ತಕ ಯಾಕೆ ತೆರೆಯಲಿಲ್ಲ ಎಂದು ಗೊತ್ತಿದ್ದವನು ಆ ಬೋಗಿಯಲ್ಲಿ ನಾನೊಬ್ಬನೇ. ದಾದರ್ ಬಂದರೆ ಹೇಳುತ್ತೇನೆ ಅಂದುಕೊಂಡೆ. ದಾದರ್ ಹೋಯಿತು, ಮಾಹಿಮ್ ಹೋಯಿತು. ಬಾಂದ್ರಾದಲ್ಲಿ ಅವನು ಇಳಿದ. ನಾನು ಹೇಡಿ. ಅದನ್ನು ಇದಕ್ಕಿಂತ ಮೆತ್ತಗೆ ಹೇಳುವ ಮಾತು ನನಗೆ ಗೊತ್ತಿಲ್ಲ.

ಇಬ್ಬರಿಗೂ ಕಾರಣ ಹೇಳದ ಎರಡು ಸಾಲಿನ ಕಾಗದ ಬಂತು. ಅವನು ಹಾರಾಟ ಬಿಟ್ಟ, ಮದುವೆಯಾದ, ಭಾಂಡುಪಿನ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್ ಆದ. ನಾನು ಮುಂದಿನ ಎರಡು ವರ್ಷ ನಿಜವಾಗಿ ಹಾರಿದೆ. ಕಡಿಮೆ ಬಿದ್ದ ಮೂರರ ಬದಲು ಎಪ್ಪತ್ತು ಗಂಟೆ ಹೆಚ್ಚೇ ಹಾರಿದೆ. ಅದರಿಂದ ಅವನಿಗೆ ಏನೂ ತುಂಬಿಕೊಟ್ಟಂತಾಗಲಿಲ್ಲ.

ಬೇರೊಂದು ಸರಕು ಕಂಪನಿಯಿಂದ ನನಗೆ ಕರೆ ಬಂದ ಸುದ್ದಿ ಅವನಿಗೆ ಹೇಗೋ ತಲುಪಿತ್ತು. ಸಂದರ್ಶನದ ಬೆಳಿಗ್ಗೆ, ಅರ್ಧ ದಿನ ರಜೆ ಹಾಕಿ, ಎರಡು ರೈಲು ಬದಲಿಸಿ ಹೋಟೆಲಿಗೆ ಬಂದ. ಮಾವ ತಾವೇ ಕಾಫಿ ತಂದಿಟ್ಟು ಹೋದರು. ಅವನು ಅರ್ಧ ಕುಡಿದು ಲೋಟ ಕೆಳಗಿಟ್ಟ.

"ತಮ್ಮಾ, ಒಂದ ಮಾತ ಹೇಳಿ ಹೋಗೂಣು ಅಂತ ಬಂದೆ. ಅಂಜಿಕಿ ಆಗತೈತೇನು ಅಂತ ಅವ್ರು ಕೇಳಿದ್ರ, ಇಲ್ಲ ಅನ್ನು. ನಾ ಖರೇ ಹೇಳಿ ಕೆಲಸ ಕಳಕೊಂಡೆ. ಅಂಜುಬುರುಕಗ ವಿಮಾನ ಯಾರು ಕೊಡ್ತಾರ? ಮನ್ಯಾಗೂ ಹಂಗ ಹೇಳೇನಿ, ತಪ್ಪು ನಂದ ಅಂತ."

ಎರಡು ವರ್ಷ ಅವನು ಇದನ್ನು ನಂಬಿ ಬದುಕಿದ್ದ. ಒಂದೇ ಒಂದು ಮಾತು ಸಾಕಿತ್ತು. ಆದರೆ ಅದನ್ನು ಆಡಿದರೆ ಆ ಬೆಳಿಗ್ಗೆ ಯಾವ ಮುಖ ಹೊತ್ತು ಸಂದರ್ಶನಕ್ಕೆ ಹೋಗಲಿ ಎಂದು ನಾನು ನನ್ನದೇ ಲೆಕ್ಕ ಹಾಕುತ್ತಿದ್ದೆ. ಆಯಿತು, ಇಲ್ಲ ಎನ್ನುತ್ತೇನೆ ಎಂದೆ. ಅವನಿಗೆ ಸಮಾಧಾನವಾಯಿತು. ಉಳಿದ ಕಾಫಿ ಕುಡಿದು, ನನ್ನ ಟೈ ಸರಿಮಾಡಿ, ಭಾಂಡುಪಿಗೆ ಹೊರಟ.

ಆ ಕೆಲಸ ನನಗೆ ಸಿಕ್ಕಿತು.