ಚಟ್ನಿಪುಡಿ ಕಂಪ್ಯೂಟರಿಗೆ ಒಕ್ಕಲು ಹೋದ ಕಥೆ

ಮುಂಬಯಿಯ ಮಲಾಡಿನಲ್ಲಿದ್ದ ನಮ್ಮ ಮನೆಯ ಟೆಲಿಫೋನು ಇಂಗಿನ ವಾಸನೆ ಹೊಡೆಯುತ್ತಿತ್ತು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಆ ಕಾಲದಲ್ಲಿ, ಫೋನಿದ್ದ ಮನೆಯವರೆಲ್ಲ ಅದಕ್ಕೆ ಕಸೂತಿಯ ಬಟ್ಟೆ ಹೊದಿಸಿ, ದಿನಕ್ಕೆರಡು ಸಲ ಧೂಳು ಒರೆಸಿ, ಬಂದವರ ಕಣ್ಣಿಗೆ ಬೀಳುವಂತೆ ಹಜಾರದಲ್ಲಿ ಕೂರಿಸಿರುತ್ತಿದ್ದರು. ನಮ್ಮದು ಮಾತ್ರ ಅಡುಗೆಮನೆಯ ಬಾಗಿಲಲ್ಲಿ, ಬೆಳಗಿನಿಂದ ಸಂಜೆಯವರೆಗೆ ಪುಡಿ ಮೆತ್ತಿದ ಕೈಗಳಲ್ಲೇ ಬಾಳಿತು. ರಿಪೇರಿಗೆ ಬಂದಾತ ರಿಸೀವರ್ ಬಿಚ್ಚಿ ಎರಡು ಬಾರಿ ಸೀನಿದ್ದು ನನಗಿನ್ನೂ ನೆನಪಿದೆ.

ಏಕೆಂದರೆ ಆ ಫೋನೇ ನಮ್ಮ ಅಂಗಡಿ. ಅಂಗಡಿಯೆಂದೊಡನೆ ನೀವು ಬಾಗಿಲು, ಬೋರ್ಡು, ತಕ್ಕಡಿಗಳನ್ನೆಲ್ಲ ಕಲ್ಪಿಸಿಕೊಳ್ಳಲು ಹೋಗಬೇಡಿ. ಗಿರಾಕಿ ನಮ್ಮ ಮುಖ ನೋಡಿದವರಲ್ಲ, ನಾವು ಗಿರಾಕಿಯ ಮುಖ ಕಂಡವರಲ್ಲ. ಫೋನಿನಲ್ಲೋ ಅಂಚೆಯ ಕಾರ್ಡಿನಲ್ಲೋ ಬೇಡಿಕೆ ಬರುವುದು, ನಾವು ಹುರಿದು ಕುಟ್ಟಿ ಪೊಟ್ಟಣ ಕಟ್ಟುವುದು, ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿಗಳ ಚೀಲ ಹೊತ್ತ ಶಿಂದೆ ಮಾಮಾ ಲೋಕಲ್ ರೈಲು ಹತ್ತಿ ದಾದರಿನವರೆಗೂ ಹೋಗಿ ಮನೆಮನೆಗೆ ಮುಟ್ಟಿಸಿ ಬರುವುದು. ಅಂಗಡಿಯೇ ಇಲ್ಲದ ಈ ಅಂಗಡಿಯನ್ನು ನಾನೂ ಪದ್ಮಕ್ಕನೂ ಸೇರಿ ನಡೆಸುತ್ತಿದ್ದೆವು.

ಪದ್ಮಕ್ಕ ನಮ್ಮ ಬಿಲ್ಡಿಂಗಿನ ಕೆಳಮಹಡಿಯವರು. ಉಡುಪಿಯ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಅವರ ಯಜಮಾನರಿಗೆ ಸ್ಟೇಷನ್ನಿನ ಹತ್ತಿರ ಹೋಟೆಲಿತ್ತು. ನಾನು ಹಳೇ ಮೈಸೂರಿನವಳು. ಹುರಿಯುವ ಹದ ನನ್ನದು, ಗಿರಾಕಿಗಳ ಉಸ್ತುವಾರಿ ಅವರದು. ಬಂದ ಕಾರ್ಡುಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಪೇಟೆವಾರು ಜೋಡಿಸಿಟ್ಟು, ಪ್ರತಿಯೊಂದರ ಅಂಚಿನಲ್ಲೂ ಆ ಮನೆಯ ವಿಷಯವನ್ನು ಪೆನ್ಸಿಲಿನಲ್ಲಿ ಬರೆದಿಡುವುದು ಅವರ ಪದ್ಧತಿ. ‘ಇಂಗು ಬೇಡ, ಅತ್ತೆ ಊರಿಗೆ ಹೋದರೆ ಮಾತ್ರ ಬೇಕು’ ಎಂದು ಒಂದರ ಮೇಲೆ. ‘ಹೊಸ ಸೊಸೆ, ಖಾರ ಕಂಡರೆ ಅಳುತ್ತಾಳೆ’ ಎಂದು ಇನ್ನೊಂದರ ಮೇಲೆ. ‘ಮಾವನಿಗೆ ಹಾರ್ಟು, ಉಪ್ಪು ಹಾಕಲೇಬಾರದು’ ಎಂಬುದಕ್ಕೆ ಕೆಳಗೆ ಎರಡು ಗೆರೆ.

ಈಗ ನಿಮ್ಮ ಹತ್ತಿರ ಒಂದು ನಿಜ ಹೇಳಿಬಿಡುತ್ತೇನೆ, ನಗಬೇಡಿ. ನನಗೆ ಹೊಟ್ಟೆಯುರಿಯುತ್ತಿತ್ತು. ಫೋನು ನನ್ನದು, ಒಲೆ ನನ್ನದು, ಹೊಗೆ ಕುಡಿದು ಕೆಮ್ಮುವವಳು ನಾನು. ರಿಸೀವರ್ ಎತ್ತಿದರೆ ಮಾತ್ರ ಆ ಕಡೆಯ ದನಿ, ‘ಪದ್ಮಕ್ಕ ಇಲ್ವಾ?’ ಇಲ್ಲವೆಂದರೆ, ‘ಹಾಗಿದ್ರೆ ಆಮೇಲೆ ಮಾಡ್ತೀವಿ ಬಿಡಿ.’ ನಾನೇನು ಗೋಡೆಯ ಮೇಲಿನ ಕ್ಯಾಲೆಂಡರೇ? ಆದ್ದರಿಂದ, ಎರಡನೆಯ ಮಹಡಿಯ ಜೋಶಿಯವರು ಪವಾಯಿಯಲ್ಲಿ ಯಾರದೋ ಕೈಯಿಂದ ಒಂದು ಕಂಪ್ಯೂಟರ್ ಕೊಂಡು ತಂದು, ಅದಕ್ಕೆ ಕೊಡಲು ಕೆಲಸವಿಲ್ಲದೆ ಒದ್ದಾಡುತ್ತಿದ್ದಾಗ, ನಮ್ಮ ಅಂಗಡಿಯನ್ನೇ ಅದರೊಳಕ್ಕೆ ಸಾಗಿಸೋಣವೆಂದು ಹೇಳಿದವಳು ನಾನೇ. ಅಭಿವೃದ್ಧಿಗೆ ಅಂತ ಎಲ್ಲರೆದುರಿಗೆ ಹೇಳಿದೆ. ಪದ್ಮಕ್ಕನ ಪೆನ್ಸಿಲಿಗೆ ನಿವೃತ್ತಿ ಕೊಡಿಸುವುದು ಒಳಗಿನ ಆಸೆ.

ಗೃಹಪ್ರವೇಶಕ್ಕೆಂಬಂತೆ ಸೋಮವಾರ ಬೆಳಿಗ್ಗೆಯೇ ಕುಂಕುಮದ ಬಟ್ಟಲು ಹಿಡಿದು ಜೋಶಿಯವರ ಮನೆಗೆ ಹೋದೆವು. ಅವರು ಯಂತ್ರದ ಮೇಲಿನ ಬೆಡ್‌ಶೀಟು ಸರಿಸಿ, "ಸರೋಜಾ ಭಾಭಿ, ಪೂರಾ ದುಕಾನ್ ಇಸ್‌ಮೇ ಆ ಜಾಯೇಗಾ" ಎಂದರು. ಇಡೀ ಅಂಗಡಿ ಅದರೊಳಗೆ ಹಿಡಿಯುತ್ತದಂತೆ! ಆದರೆ ಮೊದಲ ಕಾರ್ಡಿಗೇ ಅದು ಮುಷ್ಕರ ಹೂಡಿತು. ಹೆಸರು, ಗಂಡನ ಹೆಸರು ಎರಡನ್ನೂ ನುಂಗಿದ ಮೇಲೆ ಸರ್‌ನೇಮ್ ಬೇಕೆಂದು ಬಾಯಿ ತೆರೆದುಕೊಂಡು ಕೂತಿತು. ಕೊಡದೆ ಮುಂದಿನ ಸಾಲಿಗೆ ಹೋಗುವುದೇ ಇಲ್ಲ.

ನಮ್ಮ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ನಮ್ಮ ಮೈಸೂರು ಸೀಮೆಯವರು. ನಮಗೆಲ್ಲಿಯ ಮನೆತನದ ಹೆಸರು? ಊರನ್ನು ಒಂದೇ ಒಂದು ಇನಿಷಿಯಲ್ಲಿನಲ್ಲಿ ಮಡಚಿಟ್ಟುಕೊಂಡು ಮುಂಬಯಿಗೆ ಬಂದಿಳಿದವರು ನಾವು. ಇಲ್ಲಿಯ ರೇಷನ್ ಕಛೇರಿಯಲ್ಲಿ, ಶಾಲೆಯ ಅರ್ಜಿಯಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ ‘ಆಗೇ ಕ್ಯಾ?’ ಎಂದು ಕೇಳಿದಾಗಲೆಲ್ಲ, ಮುಂದೇನೂ ಇಲ್ಲ ಮಾರಾಯ, ಇರುವುದೆಲ್ಲ ಹಿಂದೆಯೇ ಇದೆ ಎಂದು ಹೇಳಲಾರದೆ ತಲೆ ಕೆರೆದುಕೊಂಡವರು. ಹಾಗೆ ಕೆರೆದುಕೊಳ್ಳುತ್ತಿದ್ದಾಗ ನನಗೆ ಭಾರೀ ಉಪಾಯವೊಂದು ಹೊಳೆಯಿತು. ಊರನ್ನೇ ಸರ್‌ನೇಮ್ ಮಾಡಿದರಾಯಿತಲ್ಲ! ಸಂಜೆಯೊಳಗೆ ಅರಕಲಗೂಡು, ನಂಜನಗೂಡು, ಚನ್ನರಾಯಪಟ್ಟಣಗಳೆಲ್ಲ ಜೋಶಿಯವರ ಕಂಪ್ಯೂಟರಿನಲ್ಲಿ ವಂಶಗಳಾಗಿ ಹುಟ್ಟಿದವು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಪದ್ಮಕ್ಕ ಅಷ್ಟು ಹೊತ್ತೂ ಪಕ್ಕದಲ್ಲಿ ಕೂತು ಒಂದೊಂದೇ ಕಾರ್ಡು ಕೊಡುತ್ತಿದ್ದರು. ಕೊನೆಗೆ ಕೇಳಿದರು, "ಎಲ್ಲ ಸರಿ ಮಾರಾಯ್ತಿ, ಆ ಸೊಸೆ ಅಳುದನ್ನು ಇದರಲ್ಲಿ ಎಲ್ಲಿ ಬರೆಯುದು?"

ಅದಕ್ಕೆ ಜಾಗವಿರಲಿಲ್ಲ. ಆಗ ನಾನು ಸುಮ್ಮನಿರಬೇಕಿತ್ತು. "ಅದೆಲ್ಲ ಯಾಕೆ ಪದ್ಮಕ್ಕ? ನಾವು ಮಾಡ್ತಿರೋದು ಬಿಸಿನೆಸ್ಸು, ಕಟ್ಟೆಪುರಾಣ ಅಲ್ಲ. ಇನ್ನು ಈ ಕಾರ್ಡೆಲ್ಲ ರದ್ದಿಗೆ ಹಾಕಿದ್ರೂ ನಡೆಯುತ್ತೆ" ಎಂದುಬಿಟ್ಟೆ. ಅವರು ಕಾರ್ಡುಗಳನ್ನು ಡಬ್ಬಿಗೆ ತುಂಬಿ, ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದು ಹೋದರು. ಮಂಗಳವಾರ ಬರಲಿಲ್ಲ.

ಬರದಿದ್ದರೆ ಬಿಡಲಿ, ಯಾರಿಗೆ ಬೇಕು! ಗೌರಿ ಹಬ್ಬ ಬೇರೆ ಹತ್ತಿರ ಬಂದಿತ್ತು. ಜೋಶಿಯವರು ಟರ್‌ಟರ್ ಎಂದು ಅಚ್ಚು ಹಾಕಿಕೊಟ್ಟ ಅಂದವಾದ ಲೇಬಲ್ಲುಗಳನ್ನು ನಾನೊಬ್ಬಳೇ ಅಂಟಿಸಿ, ಬುಧವಾರ ಬೆಳಿಗ್ಗೆ ಶಿಂದೆ ಮಾಮಾನ ಹೆಗಲಿಗೆ ಚೀಲ ಏರಿಸಿ ಕಳಿಸಿದೆ. ಸಂಜೆ ದಾದರಿನಿಂದ ನಮ್ಮ ಗಿರಾಕಿ ನಾಗರತ್ನಮ್ಮನವರ ಫೋನು ಬಂತು.

"ಏನ್ರೀ ಇದು? ನಮ್ಮನೇಲಿ ಮದುವೆ ಇದೆ ಅಂತ ನಿಮಗ್ಯಾರು ಹೇಳಿದ್ದು? ಇರೋದು ಒಂದು ರೂಮು, ನಾವು ಮೂರು ಜನ. ಏಳು ಮನೆ ಪುಡಿ ತಂದು ಸುರಿದು ಹೋಗಿದಾನಲ್ರೀ ನಿಮ್ಮೋನು!"

ಜೋಶಿಯವರ ಬಳಿಗೆ ಓಡಿದಾಗ ಗುಟ್ಟು ತಿಳಿಯಿತು. ಒಂದೇ ಪೇಟೆಯಲ್ಲಿ ಒಂದೇ ಸರ್‌ನೇಮಿನವರಿದ್ದರೆ ಅವರೆಲ್ಲ ಒಂದೇ ಮನೆಯವರೆಂದು ತಿಳಿದು, ಮೊದಲ ವಿಳಾಸವೊಂದನ್ನೇ ಉಳಿಸಿಕೊಳ್ಳುವಂತೆ ಅವರು ಯಂತ್ರಕ್ಕೆ ಕಲಿಸಿದ್ದರಂತೆ. ಪಾಪ, ಅವರ ದೃಷ್ಟಿಯಲ್ಲಿ ಅದು ಅಚ್ಚುಕಟ್ಟು. ಆದರೆ ನಮ್ಮ ಚನ್ನರಾಯಪಟ್ಟಣದವರು ಒಬ್ಬರ ಬೆನ್ನಿಗೊಬ್ಬರು ಬಂದು ದಾದರಿನಲ್ಲೇ ಏಳು ಮನೆ ಹೂಡಿದ್ದು ಅವರಿಗೇನು ಗೊತ್ತು? ಜನ್ಮದಲ್ಲಿ ಒಬ್ಬರ ಮುಖ ಒಬ್ಬರು ನೋಡದವರನ್ನೂ ಸೇರಿಸಿ ನಾನು ಒಂದು ಅವಿಭಕ್ತ ಕುಟುಂಬ ಕಟ್ಟಿದ್ದೆ. ಉಳಿದ ಆರು ಮನೆಗಳ ವಿಳಾಸ ಮಾಯವಾಗಿತ್ತು.

ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆ ಏಳು ಪೊಟ್ಟಣಗಳಲ್ಲಿ ಒಂದು, ಎರಡು ಗೆರೆ ಎಳೆಸಿಕೊಂಡ ಆ ಹಾರ್ಟಿನ ಮಾವನವರದು. ಹಬ್ಬಕ್ಕೆ ಪುಡಿ ಬರಲಿಲ್ಲವೆಂದು ಆ ಮನೆಯವರು ಹೊರಗಿನಿಂದ ಉಪ್ಪು ಸುರಿದ ಪುಡಿ ತಂದು ಎಲೆಗೆ ಬಡಿಸಿದರೆ? ಆದರೂ ನನ್ನ ಬಿಗುಮಾನ ನೋಡಿ, ಆ ಸಂಜೆ ನಾನು ಕಂಪ್ಯೂಟರನ್ನು ಬೈದೆ, ಜೋಶಿಯವರನ್ನು ಬೈದೆ, ಏಳೂ ಪೊಟ್ಟಣವನ್ನು ಒಂದೇ ಬಾಗಿಲಿಗೆ ಕೊಟ್ಟು ಬಂದ ಶಿಂದೆ ಮಾಮಾನನ್ನೂ ಬೈದೆ. ಕೆಳಮಹಡಿಗೆ ಮಾತ್ರ ಇಳಿಯಲಿಲ್ಲ.

ಇಳಿದದ್ದು ಗುರುವಾರ ಬೆಳಿಗ್ಗೆ. ಮೂವತ್ತಾರು ಮೆಟ್ಟಿಲು, ಒಂದೊಂದರ ಮೇಲೂ ಒಂದೊಂದು ಸಮಜಾಯಿಷಿ ಹೊಸೆದು, ಮುಂದಿನದರ ಮೇಲೆ ಅದನ್ನು ಬಿಸಾಕುತ್ತ ಇಳಿದೆ. ಪದ್ಮಕ್ಕ ಕೊತ್ತಂಬರಿ ಬೀಜ ಆರಿಸುತ್ತ ಕೂತಿದ್ದರು.

"ತಪ್ಪಾಯ್ತು ಪದ್ಮಕ್ಕ" ಎಂದೆ. ಹೊಸೆದದ್ದರಲ್ಲಿ ಅದೊಂದೇ ಉಳಿದಿತ್ತು.

"ಬಾ, ಕೂತ್ಕೋ. ಶಿಂದೆ ಹೇಳಿದ, ಏಳೂ ಒಂದೇ ಮನೆಗೆ ಹೋಯ್ತಂತೆ ಅಲ್ವಾ? ಆ ಉಪ್ಪಿಲ್ಲದ್ದು ನಿನ್ನೆಯೇ ಬೇರೆ ಮಾಡಿ ಕಳಿಸಿದೆ, ಹೆದರಬೇಡ. ಉಳಿದದ್ದು ಇವತ್ತು ಸರಿ ಮಾಡುವ. ಚಾ ಇಡ್ತೇನೆ" ಎಂದು ಒಳಗೆ ಹೋದರು.

ಉಸಿರು ಬಂತು ನೋಡಿ. ಡಬ್ಬಿ ಎದುರಿಗೇ ತೆರೆದಿತ್ತು. ದಾದರಿನ ಕಾರ್ಡುಗಳನ್ನು ಹುಡುಕುತ್ತ ಹೋದವಳಿಗೆ ಮಲಾಡಿನ ಕಂತೆಯಲ್ಲಿ ನನ್ನದೇ ಕೈಬರಹ ಕಾಣಿಸಿತು. ಎಂದೋ ತೌರಿಗೆ ಹೋದಾಗ ಅಲ್ಲಿಂದ ನಾನು ಪದ್ಮಕ್ಕನಿಗೆ ಬರೆದಿದ್ದ ಕಾರ್ಡು. ಅಂಚಿನಲ್ಲಿ ಅವರ ಪೆನ್ಸಿಲು: ‘ಸರೋಜ. ಖಾರ ಸ್ವಲ್ಪ ಜಾಸ್ತಿ. ಬೆಳಿಗ್ಗೆ ಒಲೆ ಎದುರು ಇರುವಾಗ ಏನೂ ಹೇಳಬಾರದು. ಹೊಗಳಿದರೆ ಎರಡು ಸೇರು ಹೆಚ್ಚು ಹುರಿಯುತ್ತಾಳೆ. ಮನಸ್ಸು ಒಳ್ಳೆಯದು. ತಪ್ಪು ಒಪ್ಪಲಿಕ್ಕೆ ಎರಡು ದಿನ ಬೇಕು, ಕಾಯಬೇಕು.’

ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಅದರ ಹಿಂದೆಯೇ ಕಣ್ಣೀರೂ ಬಂತು. ನನ್ನನ್ನು ಇಷ್ಟು ಚೆನ್ನಾಗಿ ಓದಿಕೊಂಡೂ ನನ್ನ ಜೊತೆ ಇದ್ದವರು ಈ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಆದರೆ ಲೆಕ್ಕ ಲೆಕ್ಕವೇ. ಸೋಮವಾರದಿಂದ ಗುರುವಾರಕ್ಕೆ ಬೆರಳು ಮಡಚಿ ಎಣಿಸಿದೆ, ಪಕ್ಕದಲ್ಲಿದ್ದ ಪೆನ್ಸಿಲು ಎತ್ತಿಕೊಂಡು ‘ಎರಡು’ ಹೊಡೆದುಹಾಕಿ, ‘ಮೂರು’ ಎಂದು ತಿದ್ದಿ, ಕಾರ್ಡನ್ನು ಇದ್ದಲ್ಲೇ ಇಟ್ಟೆ.