ಬಿತ್ತನೆ ಆಗಿದೆಯೇ, ಹೌದು ಅಥವಾ ಇಲ್ಲ

ಸುಳ್ಳು ಹೇಳುವುದಕ್ಕೆ ತಾಳ್ಮೆ ಬೇಕು, ಹೇಳಿದ್ದನ್ನು ನೆನಪಿಟ್ಟುಕೊಳ್ಳುವ ತಲೆ ಬೇಕು. ನನಗೆ ಎರಡೂ ಇಲ್ಲ. ಹಾಗಾಗಿಯೇ ಇರಬೇಕು, ಸರ್ವೆ ಕೆಲಸಕ್ಕೆ ಸೇರಿದ ಮೇಲೆ ನಾನು ಗೊತ್ತಿದ್ದೂ ಗೊತ್ತಿದ್ದೂ ಬರೆದ ಒಂದೇ ಒಂದು ಸುಳ್ಳು ಇವತ್ತಿಗೂ ನನ್ನ ತಲೆ ತಿನ್ನುತ್ತಿದೆ. ಅದು ಸುಳ್ಳೇ ಹೌದೋ ಅಲ್ಲವೋ ಅನ್ನುವುದೂ ನನಗೆ ಸರಿಯಾಗಿ ತಿಳಿಯದು.

ಎಂ.ಎಸ್.ಡಬ್ಲ್ಯೂ. ಮುಗಿಸಿ ಯಳಂದೂರಿನ ಮನೆಯಲ್ಲಿ ಕೂತು ಅಮ್ಮನ ಕೈಲಿ ದಿನಾ ಬೈಸಿಕೊಳ್ಳುತ್ತಿದ್ದ ಕಾಲದಲ್ಲಿ ಈ ಕೆಲಸ ಸಿಕ್ಕಿತು. ಕೊಳ್ಳೇಗಾಲದ ಒಂದು ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ ನಾಲ್ಕು ದಿನ ತರಬೇತಿ. ಸಂಶೋಧನೆ ನಡೆಸುತ್ತಿದ್ದವರು ತೆಳ್ಳಗಿನ, ಮೆತ್ತಗೆ ಮಾತಾಡುವ ಮನುಷ್ಯ. ನಾವೆಲ್ಲ ಅವರನ್ನು ಸರ್ ಅಂತಲೇ ಕರೆಯುತ್ತಿದ್ದೆವು. ಅವರಿಗೆ ತಿಳಿಯಬೇಕಾಗಿದ್ದದ್ದು ಇಷ್ಟು: ಮಳೆ ಕೈಕೊಟ್ಟ ವರ್ಷ, ಹೊಲಕ್ಕೆ ಪಹಣಿ ಇರುವವರು ಏನು ಮಾಡುತ್ತಾರೆ, ಕಾಡಂಚಿನಲ್ಲಿ ಕಾಗದಪತ್ರವೇ ಇಲ್ಲದೆ ಉಳುತ್ತಿರುವವರು ಏನು ಮಾಡುತ್ತಾರೆ. ಕಾಗದ ಇಲ್ಲದವರು ಹೊಲವನ್ನು ಬಿತ್ತದೆ ಬೀಳು ಬಿಡುವುದು ಹೆಚ್ಚು ಅನ್ನುವುದು ಅವರ ಅಂದಾಜು. "ತನ್ನದು ಅಂತ ಖಾತ್ರಿ ಇಲ್ಲದ ಮಣ್ಣಿಗೆ ಯಾರು ಬೀಜ ಸುರೀತಾರೆ ಹೇಳಿ," ಅಂದರು. ನಾನೂ ಎಲ್ಲರ ಜೊತೆ ತಲೆಯಾಡಿಸಿದೆ.

ನಿಯಮಗಳು ಒಂದೆರಡಲ್ಲ. ಪ್ರಶ್ನೆಯ ಒಂದು ಪದವನ್ನೂ ಬದಲಾಯಿಸಬಾರದು. ಉತ್ತರ ಹೇಳಿಕೊಡಬಾರದು. ಹೊಲವನ್ನು ಕಣ್ಣಾರೆ ನೋಡಿಯೇ ಬರೆಯಬೇಕು. ಮೂವತ್ತೊಂದನೇ ಪ್ರಶ್ನೆಯೇ ಮುಖ್ಯವಾದದ್ದು: "ಈ ಹಂಗಾಮಿನಲ್ಲಿ, ಇಂದಿನವರೆಗೆ, ಈ ಜಮೀನಿನಲ್ಲಿ ಬಿತ್ತನೆ ಆಗಿದೆಯೇ? ಹೌದು ಅಥವಾ ಇಲ್ಲ." ಕೊನೆಗೆ ಒಂದು ಮಾತು ಹೇಳಿ ಹೆದರಿಸಿದರು. ನಾವು ಹೋಗಿಬಂದ ಮನೆಗಳಲ್ಲಿ ಕೆಲವನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಹತ್ತು ದಿನದೊಳಗೆ ಇನ್ನೊಬ್ಬರನ್ನು ಕಳಿಸಿ ನೋಡಿಸುತ್ತಾರಂತೆ. ತಾಳೆಯಾಗದಿದ್ದರೆ ಬರೆದವರಿಗೆ ಫೀಲ್ಡ್ ಕೆಲಸ ಅಲ್ಲಿಗೆ ಮುಗಿಯಿತು.

ನನ್ನ ಪಾಲಿಗೆ ಬಂದದ್ದು ಹನೂರು ದಾಟಿ ಹೂಗ್ಯಂ ಕಡೆಯ ಊರುಗಳು. ಆ ವರ್ಷ ಶ್ರಾವಣ ಮುಗಿಯುತ್ತಾ ಬಂದರೂ ನೆಲ ನೆನೆಯುವಂಥ ಮಳೆ ಬಿದ್ದಿರಲಿಲ್ಲ. ಬೆಳಿಗ್ಗೆ ಮೋಡ ಬರುವುದು, ಮಧ್ಯಾಹ್ನಕ್ಕೆ ತಮಿಳುನಾಡಿನ ಕಡೆಗೆ ಹೋಗುವುದು. ಅಂಥದ್ದೊಂದು ಮಧ್ಯಾಹ್ನ, ಪಟ್ಟಿಯಲ್ಲಿದ್ದ ನಂಬರು ಹುಡುಕಿಕೊಂಡು ಒಬ್ಬ ಅವ್ವನ ಮನೆಗೆ ಹೋದೆ. ಅರವತ್ತು ದಾಟಿದ ಹೆಂಗಸು. ಮಗ, ಸೊಸೆ ಕೂಲಿಗೆ ಹೋಗಿದ್ದರು. ಕಾಡಿಗೆ ತಾಗಿಕೊಂಡು ಒಂದೂವರೆ ಎಕರೆ ಹೊಲ. ಅವಳ ಅತ್ತೆಯ ಕಾಲದಿಂದ ಉಳುತ್ತಿದ್ದದ್ದು, ಕಾಗದ ಮಾತ್ರ ಒಂದೂ ಇಲ್ಲ.

ಹೊಲಕ್ಕೆ ಅವಳೇ ಕರೆದುಕೊಂಡು ಹೋದಳು. ಬೇಲಿಯ ಗಂಡಿ ಬಾಯ್ತೆರೆದುಕೊಂಡಿತ್ತು. ಆ ಕಡೆ ಬಿತ್ತನೆಯಾದ ಕೂಡಲೇ ಗಂಡಿಗೆ ಮುಳ್ಳಿನ ಕೊಂಬೆ ಇಡುತ್ತಾರೆ, ಇನ್ನು ದನಕರು ನುಗ್ಗಿಸಬೇಡಿ ಅಂತ ಊರಿಗೆ ತಿಳಿಯಲಿ ಅಂತ. ಇಲ್ಲಿ ಮುಳ್ಳಿರಲಿಲ್ಲ. ಒಳಗೆ ಐದಾರು ಆಡು ಮೇಯುತ್ತಿದ್ದವು. ನಾನು ಮೂವತ್ತೊಂದನೇ ಪ್ರಶ್ನೆಯನ್ನು ಇದ್ದದ್ದು ಇದ್ದ ಹಾಗೆ ಓದಿದೆ.

"ಬಿತ್ತಿವ್ನಿ ಅಂತ ಬರ್ಕೊ ಮಗ," ಅಂದಳು.

"ಎಲ್ಲವ್ವ ಬಿತ್ತಿದ್ದೀರಿ? ಆಡು ಮೇಯ್ತಾವಲ್ಲ."

"ಆಡು ಎಲ್ಲಿ ಮೇಯಕಿಲ್ಲ ಯೋಳು. ಮಳ ಬರ್ಲಿ, ಬಿತ್ತೀನಿ. ಇಲ್ಲ ಅಂದ್ನಾ?"

"ಇಂದಿನವರೆಗೆ ಅಂತ ಕೇಳಿದಾರೆ ಅವ್ವ."

"ಕೇಳ್ದೋರು ಯಾರು?"

"ನಮ್ಮ ಸಾರು."

"ಮಳ ಯಾವತ್ತು ಬತ್ತದೆ ಅಂತ ನಿಮ್ ಸಾರ್ಗ ಗೊತ್ತಾ?"

ನನಗೆ ಮೂಗಿನ ತುದಿಯಲ್ಲೇ ಕೋಪ. ಬಿಸಿಲು ಬೇರೆ. ಗೊತ್ತಿಲ್ಲ, ನಾನು ಕಣ್ಣಲ್ಲಿ ಕಂಡದ್ದನ್ನೇ ಬರೆಯುವುದು ಅಂತ ಗದರಿದ ಹಾಗೆ ಹೇಳಿದೆ. ಅವಳು ಜಗಳಕ್ಕೆ ಬರಲಿಲ್ಲ. ನನ್ನ ಮೊಣಕೈ ಹಿಡಿದು ಪಕ್ಕದ ಹೊಲದ ಬದುವಿನ ಮೇಲೆ ನಿಲ್ಲಿಸಿದಳು. ಅಲ್ಲಿ ಸಾಲಾಗಿ ಗುಂಡಿ ತೋಡಿದ್ದರು, ಗಿಡ ನೆಡುವುದಕ್ಕೆ. ಆ ಹೊಲ ಎರಡು ವರ್ಷ ಬೀಳು ಬಿದ್ದಿತ್ತಂತೆ. ಯಾರು ತೋಡಿಸಿದ್ದು, ಯಾವ ಆದೇಶದ ಮೇಲೆ, ಅವಳಿಗೆ ಗೊತ್ತಿರಲಿಲ್ಲ. ಬೀಳು ಅಂತ ಎಲ್ಲೋ ಯಾರೋ ಬರೆದುಕೊಂಡಿರಬೇಕು, ಅಷ್ಟೇ ಗೊತ್ತು.

"ಅವ್ವ, ಇದು ಆ ಥರದ್ದಲ್ಲ. ಇದು ಬರೀ ಓದೋರಿಗೆ. ನಿಮ್ಮ ಹೆಸರು ಕೂಡ ಇರಲ್ಲ, ಒಂದು ನಂಬರು ಅಷ್ಟೆ."

"ಊರ್ಗ ಬಂದೋಳು ನೀರ್ಗ ಬರ್ದೆ ಇದ್ದಾಳಾ? ಇವತ್ತು ನಿನ್ ಕೈಲಿರದು ನಾಳ ಆಪೀಸ್ಗ ಓಗ್ದೆ ಇದ್ದದಾ?" ಅಂದು ನನ್ನ ಟ್ಯಾಬನ್ನು ಬೆರಳಲ್ಲಿ ಮುಟ್ಟಿದಳು. "ಎಸ್ರು ಇಲ್ದೆ ಓದ್ರ ಇನ್ನೂ ಕೆಟ್ಟದ್ದು ಕಣವ್ವ. ಎಸ್ರಿದ್ರ ಓಗಿ ಜಗಳಾನಾದ್ರೂ ಆಡ್ಬೋದು."

ಹೆಸರು ಗುಟ್ಟಾಗಿಡುವುದರ ಮೇಲೆ ನಮಗೆ ಅರ್ಧ ದಿನ ಪಾಠ ಆಗಿತ್ತು. ಈ ಮಾತಿಗೆ ಅದರಲ್ಲಿ ಉತ್ತರ ಇರಲಿಲ್ಲ.

ಮನೆಗೆ ಬಂದು ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಉತ್ತರ ಕೊಡುವವರ ಮನೆಯಲ್ಲಿ ಉಣ್ಣಬಾರದು ಅಂತಲೂ ಒಂದು ನಿಯಮ ಇತ್ತು. ಹಸಿವಿಗೆ ಅದು ನೆನಪಾಗಲಿಲ್ಲ. ಉಂಡು ಕೈ ತೊಳೆದು, ಟ್ಯಾಬ್ ತೆಗೆದು, ಮೂವತ್ತೊಂದಕ್ಕೆ "ಹೌದು" ಒತ್ತಿದೆ. ಯಾಕೆ ಒತ್ತಿದೆ? ಕನಿಕರಕ್ಕೋ, ಉಂಡ ಋಣಕ್ಕೋ, ಆ ಪ್ರಶ್ನೆ ಬರೆದವರ ಮೇಲಿನ ಸಿಟ್ಟಿಗೋ. ಒಂದೊಂದು ದಿನ ಒಂದೊಂದು ಕಾರಣ ಹೊಳೆಯುತ್ತದೆ.

ಅಲ್ಲಿಗೆ ಬಾಯಿ ಮುಚ್ಚಿಕೊಂಡು ಬಂದಿದ್ದರೆ ಎಲ್ಲ ಸರಿ ಇರುತ್ತಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ನೀವು ಹೇಳಿದ ಹಾಗೆ ಬರೆದಿದೀನಿ ಅವ್ವ. ಹತ್ತು ದಿನದೊಳಗೆ ಇನ್ನೊಬ್ಬರು ಬಂದು ಹೊಲ ನೋಡಿದರೆ ನನ್ನ ಕೆಲಸ ಹೋಯ್ತು ಅಂತ ತಿಳಕೊಳ್ಳಿ," ಅಂದೆ. ಉಪಕಾರ ಮಾಡಿ ಅದನ್ನು ಎತ್ತಿ ಆಡುವ ಬುದ್ಧಿ. ಅವಳು "ಆಗ್ಲಿ ಓಗ್ಬಾ," ಅಂದಳು.

ಮುಂದಿನ ವಾರ ಮರುಪರಿಶೀಲನೆಯ ಪಟ್ಟಿ ಬಂತು. ಅದರಲ್ಲಿ ಅವ್ವನ ನಂಬರು ಇತ್ತು. ಹೋಗಬೇಕಾಗಿದ್ದವನು ನಮ್ಮ ತಂಡದಲ್ಲಿದ್ದ ಹನೂರಿನವನು, ನನ್ನ ಓರಗೆಯವನು. ಅವನ ಬೈಕು ತಿರುವಿನಲ್ಲಿ ಮರೆಯಾಗುವ ತನಕ ನೋಡಿ, ಹನೂರಿನ ಬಾಡಿಗೆ ರೂಮಿಗೆ ಬಂದು ಬಟ್ಟೆ ಮಡಚಿ ಬ್ಯಾಗಿಗೆ ಹಾಕತೊಡಗಿದೆ. ಅಮ್ಮನಿಗೆ ಏನು ಹೇಳುವುದು ಅನ್ನುವುದೊಂದೇ ಚಿಂತೆ.

ಸಂಜೆ ಬಂದವನು, "ಏನಮ್ಮಾ, ಬ್ಯಾಗು ತುಂಬ್ತಾ ಇದ್ದೀಯ, ಊರ್ಗಾ?" ಅಂದ.

"ಹೊಲ ನೋಡಿದ್ಯಾ?"

"ನೋಡ್ದೆ. ಬಿತ್ತವ್ರೆ. ಸರಿಯಾಗೇ ಬರ್ದಿದ್ದೀಯ."

ನಾನು ಕಕ್ಕಾಬಿಕ್ಕಿಯಾದೆ. ಯಾವ ಹೊಲ ನೋಡಿದೆ, ಯಾವ ಅವ್ವ, ಗಂಡಿ ಹೇಗಿತ್ತು ಅಂತ ಮೇಲಿಂದ ಮೇಲೆ ಕೇಳಿದೆ. ಅವನು ಫೋಟೋ ತೋರಿಸಿದ. ಅದೇ ಬದು, ಪಕ್ಕದಲ್ಲಿ ಅದೇ ಗುಂಡಿಗಳು. ಗಂಡಿಗೆ ಜಾಲಿಮುಳ್ಳಿನ ದೊಡ್ಡ ಕೊಂಬೆ, ಒಳಗೆ ಗೆರೆ ಗೆರೆಯಾಗಿ ಉತ್ತ ನೆಲ. ಮಳೆ ಏನಾದರೂ ಬಂದಿತ್ತಾ ಅಂದರೆ ಒಂದು ಹನಿಯೂ ಇಲ್ಲ. ಹಾಗಾದರೆ ಅವತ್ತು ನಾನು ನೋಡಿದ್ದೇನು? ಆಡು ಮೇಯುತ್ತಿದ್ದದ್ದು ಕನಸಾ? ತಲೆ ಕೆಟ್ಟು ಕೆರ ಹಿಡಿಯಿತು.

ಭಾನುವಾರ ರಜೆ. ಯಾರಿಗೂ ಹೇಳದೆ ಬಸ್ಸು ಹತ್ತಿ ಅವ್ವನ ಊರಿಗೆ ಹೋದೆ. ಮೊದಲು ಹೊಲಕ್ಕೇ ಹೋದೆ. ಮುಳ್ಳು ಸರಿಸಿ ಒಳಗೆ ಕಾಲಿಟ್ಟರೆ ಮಣ್ಣು ಹಿಟ್ಟಿನ ಹಾಗೆ ಪಾದದ ಗಂಟಿನ ತನಕ ಬಂತು. ಕೂತು ನೋಡಿದೆ. ಇರುವೆಗಳು ಸಾಲುಗಟ್ಟಿ ರಾಗಿ ಕಾಳು ಹೊರುತ್ತಿದ್ದವು. ಒಂದೊಂದು ಇರುವೆಗೆ ಒಂದೊಂದು ಕಾಳು, ಬದುವಿನ ಕೆಳಗಿನ ಗೂಡಿಗೆ.

ಅವ್ವ ಜಗಲಿಯ ಮೇಲೆ ಕೂತು ಅವರೆಕಾಳು ಆರಿಸುತ್ತಿದ್ದಳು. ನನ್ನ ಕಾಲಿನ ಮಣ್ಣು ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು.

"ಒಣ ಮಣ್ಣಿಗೆ ಯಾಕವ್ವ ಬಿತ್ತಿದ್ರಿ? ಎಲ್ಲ ಇರುವೆ ಹೊತ್ಕೊಂಡು ಹೋಗ್ತಾ ಇದೆ."

"ನೀನು ಬರುದ್‌ಬುಟ್ಟಿದ್ದಲ್ಲ ಮಗ."

"ನನಗೋಸ್ಕರ ಬಿತ್ತಿದ್ರಾ?"

ಪೆದ್ದಿಯನ್ನು ನೋಡುವ ಹಾಗೆ ನನ್ನನ್ನು ನೋಡಿದಳು. "ನಿನಗೋಸ್ಕರ ಯಾಕ? ಬರ್ದಿದ್ದು ಸುಳ್ಳಾದ್ರ ನನ್ನೊಲ ಓಯ್ತದೆ, ನಿನ್ ಕೆಲ್ಸಾನೂ ಓಯ್ತದೆ. ಎಲ್ಡೂ ಯಾಕ ಓಗ್ಬೇಕು?"

ಮೈದುನನ ಹತ್ತಿರ ಎತ್ತು ಕೇಳಿ ತಂದು ಉಳುಮೆ ಮಾಡಿಸಿದ್ದಳು. ಮಗ ಅಡ್ಡ ಬಂದು, ಹುಚ್ಚು ಹಿಡಿದದ ನಿನಗ ಅಂತ ಕೂಗಾಡಿ, ಎರಡು ದಿನ ಮಾತು ಬಿಟ್ಟಿದ್ದನಂತೆ. ಒಳಗೆ ಮೂಲೆಯಲ್ಲಿ ಬಿತ್ತನೆ ರಾಗಿ ಇಡುವ ಗುಡಾಣ ಖಾಲಿಯಾಗಿ ಬೋರಲು ಬಿದ್ದಿತ್ತು. ಪಕ್ಕದಲ್ಲಿ ಒಣಗಿದ ಬೇವಿನ ಸೊಪ್ಪು. ಅವಳ ಅತ್ತೆ ಇದ್ದಾಗಿನಿಂದ ಪ್ರತಿ ಸುಗ್ಗಿಯಲ್ಲೂ ಒಳ್ಳೆಯ ತೆನೆ ಆರಿಸಿ ತೆಗೆದಿಟ್ಟುಕೊಂಡು ಬಂದ ರಾಗಿ ಅದು. ಊರಲ್ಲಿ ಬೇರೆ ಯಾರ ಹತ್ತಿರವೂ ಆ ತಳಿ ಉಳಿದಿಲ್ಲ ಅಂತ, ಅವರೆಕಾಳಿನ ಮೇಲಿಂದ ಕಣ್ಣೆತ್ತದೆ ಹೇಳಿದಳು. ನನಗೆ ಅಳು ಬಂತು. ಸಿಟ್ಟೂ ಬಂತು, ಯಾರ ಮೇಲೆ ಅಂತ ತಿಳಿಯಲಿಲ್ಲ. ಅವ್ವ ಮುದ್ದೆ ಉಂಡು ಹೋಗು ಅಂದಳು, ನಾನು ಬಸ್ಸಿನ ನೆಪ ಹೇಳಿ ಎದ್ದೆ.

ಮಳೆ ಬಂತು, ತಿಂಗಳು ಕಳೆದ ಮೇಲೆ. ಅವ್ವನ ಹೊಲದಲ್ಲಿ ಬದುವಿನ ಅಂಚಿಗೆ ಅಲ್ಲೊಂದು ಇಲ್ಲೊಂದು ಪೈರು ಎದ್ದಿತ್ತು, ಅದನ್ನೂ ಜಿಂಕೆ ಮೇಯ್ದವು ಅಂತ ಆ ಕಡೆ ಹೋಗಿಬಂದ ಹನೂರಿನವನು ಹೇಳಿದ.

ಆರು ತಿಂಗಳಾದ ಮೇಲೆ ಕೊಳ್ಳೇಗಾಲದಲ್ಲಿ ನಮ್ಮನ್ನೆಲ್ಲ ಕೂರಿಸಿ ಸರ್ ಫಲಿತಾಂಶ ತೋರಿಸಿದರು. ಅವರ ಅಂದಾಜು ತಲೆಕೆಳಗಾಗಿತ್ತು. ಕಾಗದ ಇಲ್ಲದವರು ಬೀಳು ಬಿಟ್ಟದ್ದು ಹೆಚ್ಚಾಗಿರುವುದು ಹಾಗಿರಲಿ, ಪಹಣಿ ಇದ್ದವರಿಗಿಂತ ಕಡಿಮೆ. ಇವರಿಗೆ ಕಷ್ಟ ತಾಳಿಕೊಳ್ಳುವ ಶಕ್ತಿ ಜಾಸ್ತಿ ಅಂತ ಕಾಣುತ್ತದೆ ಅಂದರು ಸರ್. ಹೊರಗಿನಿಂದ ಬಂದಿದ್ದ ಒಬ್ಬರು, ಬಹಳ ಒಳ್ಳೆಯ ಫಲಿತಾಂಶ ಅಂತ ಬರೆದುಕೊಂಡರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಆಡು, ಗುಂಡಿ, ಮುದ್ದೆ, ಮುಳ್ಳು, ಇರುವೆ, ಒಂದನ್ನೂ ಬಿಡಲಿಲ್ಲ.

ಸರ್ ಬೈಯಲಿಲ್ಲ. ಕನ್ನಡಕ ತೆಗೆದು ಕೇಳಿದರು, "ನೀವು ಹೋದ ದಿನ ಬಿತ್ತನೆ ಆಗಿತ್ತಾ?"

"ಇಲ್ಲ ಸರ್."

"ಹಾಗಾದರೆ ಬರೆಯಬೇಕಾಗಿದ್ದದ್ದು 'ಇಲ್ಲ' ಅಂತ."

"ಆಮೇಲೆ ಬಿತ್ತಿದ್ದು ನಿಜ ಅಲ್ವಾ ಸರ್? ಕಾಗದ ಇಲ್ಲ ಅಂತಲೇ ಬಿತ್ತಿದ್ದು. ನಿಮ್ಮ ಫಲಿತಾಂಶ ಸರಿಯಾಗೇ ಇದೆ."

"ನಾವು ಕೇಳಿದ್ದಕ್ಕೆ ಬಿತ್ತಿದರು. ನಾವು ಹೋಗದಿದ್ದರೆ?"

ಇನ್ನೂ ಎಷ್ಟು ಮನೆಯವರು ಹೀಗೆ ಮಾಡಿದರೋ, ಎಷ್ಟು ಜನ ಬಿತ್ತದೆಯೇ ಬಿತ್ತಿದ್ದೇವೆ ಅಂದರೋ, ಅದನ್ನು ತಿಳಿಯುವ ದಾರಿ ಅವರಿಗೂ ಇರಲಿಲ್ಲ. ಈ ಫಲಿತಾಂಶವನ್ನು ನಂಬುವಂತಿಲ್ಲ ಅಂತ ವರದಿಯಲ್ಲಿ ಅವರೇ ಬರೆದರು. ನ್ಯಾಯವಾದ ಮನುಷ್ಯ, ಬೈಯೋಣ ಅಂದರೂ ಆಗುವುದಿಲ್ಲ. ಅವ್ವನ ನಂಬರನ್ನು ತೆಗೆದು ನನ್ನ ಮುಂದಿಟ್ಟರು. ಮೂವತ್ತೊಂದನೇ ಪ್ರಶ್ನೆಗೆ ನನ್ನ ಕೈಯಿಂದಲೇ "ಇಲ್ಲ" ಒತ್ತಿದೆ. ಅಲ್ಲಿಂದ ಮುಂದೆ ನನ್ನನ್ನು ಫೀಲ್ಡಿಗೆ ಕಳಿಸಲಿಲ್ಲ, ಕೊಳ್ಳೇಗಾಲದ ಆಫೀಸಿನಲ್ಲೇ ಬೇರೆಯವರು ತಂದ ಉತ್ತರಗಳನ್ನು ಜೋಡಿಸುವ ಕೆಲಸ ಕೊಟ್ಟರು.

ಮಾರನೆಯ ವರ್ಷ ಮಳೆ ಹೊತ್ತಿಗೆ ಸರಿಯಾಗಿ ಹಿಡಿಯಿತು. ಒಂದು ಭಾನುವಾರ ಅವ್ವನ ಊರಿಗೆ ಹೋದೆ. ನಡೆದದ್ದನ್ನು ಹೇಳಿಬಿಡಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಹೋಗಿದ್ದೆ. ಹೊಲ ಇನ್ನೂ ಅವಳ ಕೈಯಲ್ಲೇ ಇತ್ತು, ಯಾರೂ ಗುಂಡಿ ತೋಡಿರಲಿಲ್ಲ. ನಾವು ಬರೆದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ ಅಂತ ನನಗೆ ಗೊತ್ತು. ಇದೆ ಅಂತ ಅವಳಿಗೆ ಗೊತ್ತು.

ನಾನು ಬಾಯಿ ತೆರೆಯುವ ಮೊದಲೇ ಕೇಳಿದಳು. "ನಂದು ಈಗ್ಲೂವ ಬಿತ್ತಿವ್ನಿ ಅಂತ್ಲೇ ಅದಾ ಮಗ?"

"ಹೂಂ ಅವ್ವ, ಹಂಗೇ ಇದೆ."

"ಸರಿ ಬುಡು," ಅಂದಳು. ಒಳಗೆ ಹೋಗಿ, ಈ ಸಲದ ಬಿತ್ತನೆಗೆ ಹನೂರಿನ ಅಂಗಡಿಯಿಂದ ಮಗ ತಂದಿದ್ದ ರಾಗಿಯ ಪ್ಯಾಕೆಟ್ಟು ತಂದು ನನ್ನ ಕೈಗೆ ಕೊಟ್ಟಳು. "ಇದು ಎಂತಾ ರಾಗಿ ಅಂತ ಓದಿ ಯೋಳು ಮಗ. ನಂಗ ಇದ್ರ ಗುರ್ತಿಲ್ಲ."

ನಾನು ಪ್ಯಾಕೆಟ್ಟು ತಿರುಗಿಸಿ, ಹಿಂದೆ ಬರೆದಿದ್ದನ್ನೆಲ್ಲ ಓದಿ ಹೇಳಿದೆ.